ಹನ್ನೊಂದನೆಯವರಾಗಿ ಇಳಿದು ಕೊನೆಯವರಾಗಿ ಹತ್ತಿದವರು: ಜೀನ್ ಸರ್ನನ್ ಮತ್ತು ಚಂದ್ರ

ಪ್ರಶ್ನೆ: ನನ್ನ ಮಗಳು ಒಂಬತ್ತನೇ ಕ್ಲಾಸು. ಶಾಲೆಯ ರಸಪ್ರಶ್ನೆಯಲ್ಲಿ ‘ಚಂದ್ರನ ಮೇಲೆ ನಡೆದ ಕೊನೆಯ ಮನುಷ್ಯ ಯಾರು’ ಎಂದು ಕೇಳಿದರಂತೆ. ಇವಳು ಯೂಜೀನ್ ಸರ್ನನ್ ಎಂದಳು. ಇನ್ನೊಂದು ತಂಡ ಹ್ಯಾರಿಸನ್ ಶ್ಮಿಟ್ ಎಂದಿತು. ಅಲ್ಲೇ ಜಗಳ ಶುರುವಾಗಿದೆ. ಮನೆಗೆ ಬಂದವಳು ನನ್ನನ್ನು ಕೇಳುತ್ತಿದ್ದಾಳೆ: ಮೊದಲನೆಯವರನ್ನೇನೋ ಎಲ್ಲರೂ ನೆನಪಿಡ್ತಾರೆ, ಕೊನೆಯವರನ್ನು ಯಾಕೆ ನೆನಪಿಡಬೇಕು? ಅವರು ಹೋಗಿ ಬಂದಿದ್ದರಿಂದ ಏನು ಸಿಕ್ಕಿತು? ಆಮೇಲೆ ಯಾರೂ ಅಲ್ಲಿ ಯಾಕೆ ಇಳಿಯಲಿಲ್ಲ? ದಯವಿಟ್ಟು ಅವಳಿಗೆ ತಿಳಿಯುವಂತೆ ಹೇಳಿ. (ಒಬ್ಬ ತಾಯಿ, ಹಾವೇರಿ)

ಉತ್ತರ: ಮೊದಲು ಜಗಳ ಬಿಡಿಸೋಣ. ಎರಡೂ ತಂಡದ ಮಾತಿನಲ್ಲಿ ನಿಜ ಇದೆ. ಮನುಷ್ಯರನ್ನು ಚಂದ್ರನ ಮೇಲೆ ಇಳಿಸಿದ ಅಮೆರಿಕದ ಅಪೊಲೊ ಯಾತ್ರೆಗಳಲ್ಲಿ ಕೊನೆಯದು ಅಪೊಲೊ 17. ಅದರ ನೌಕೆಯ ಏಣಿ ಇಳಿದು ಮೊದಲು ನೆಲ ಮುಟ್ಟಿದವರು ಕಮಾಂಡರ್ ಸರ್ನನ್. ಅವರ ಹಿಂದೆ ಇಳಿದವರು ಶ್ಮಿಟ್. ಆದ್ದರಿಂದ ಚಂದ್ರನ ಮೇಲೆ ಕಾಲಿಟ್ಟವರ ಲೆಕ್ಕದಲ್ಲಿ ಸರ್ನನ್ ಹನ್ನೊಂದನೆಯವರು, ಶ್ಮಿಟ್ ಹನ್ನೆರಡನೆಯವರು, ಅಂದರೆ ಕೊನೆಗೆ ಕಾಲಿಟ್ಟವರು. ಆದರೆ ವಾಪಸ್ ಹೊರಡುವಾಗ ಶ್ಮಿಟ್ ಮೊದಲು ಹತ್ತಿದರು. 1972ರ ಡಿಸೆಂಬರ್ 14ರಂದು ಕೊನೆಗೆ ಏಣಿ ಹತ್ತಿದವರು ಸರ್ನನ್. ಅಲ್ಲಿಂದ ಇಲ್ಲಿಯವರೆಗೆ ಆ ನೆಲದ ಮೇಲೆ ಇನ್ಯಾರೂ ಹೆಜ್ಜೆ ಇಟ್ಟಿಲ್ಲ. ‘ಕೊನೆಗೆ ನಡೆದವರು ಯಾರು’ ಎಂದರೆ ನಿಮ್ಮ ಮಗಳ ಉತ್ತರವೇ ಸರಿ. ‘ಕೊನೆಗೆ ಕಾಲಿಟ್ಟವರು ಯಾರು’ ಎಂದು ಕೇಳಿದ್ದರೆ ಆ ತಂಡಕ್ಕೆ ಅಂಕ ಹೋಗಬೇಕಿತ್ತು. ಇಬ್ಬರೂ ಓದಿಕೊಂಡೇ ಬಂದಿದ್ದಾರೆ, ಅದು ನನಗೆ ತುಂಬ ಖುಷಿ ಕೊಟ್ಟಿತು.

ಈಗ ಅವಳ ಎರಡನೇ ಪ್ರಶ್ನೆ. ಕೊನೆಯವರನ್ನು ಯಾಕೆ ನೆನಪಿಡಬೇಕು? ನನ್ನ ಉತ್ತರ ನೇರವಾಗಿದೆ: ಸರ್ನನ್ ಅವರನ್ನು ‘ಕೊನೆಯವರು’ ಅಂತ ನೆನಪಿಡುವುದೇ ಬೇಡ. ಅವರನ್ನು ಕೆಲಸಗಾರ ಅಂತ ನೆನಪಿಡಿ. ಅವರ ಕೆಲಸ ಶುರುವಾದದ್ದೇ ಒಂದು ದೊಡ್ಡ ಸೋಲಿನಿಂದ. ಆ ಸೋಲಿನ ಕತೆ ಗೊತ್ತಿಲ್ಲದಿದ್ದರೆ ಚಂದ್ರನ ಕತೆ ಅರ್ಧವೇ ಗೊತ್ತಾದಂತೆ.

ಅವರು ಹುಟ್ಟಿದ್ದು 1934ರ ಮಾರ್ಚ್ 14ರಂದು, ಷಿಕಾಗೋದಲ್ಲಿ. ತಂದೆಯ ಕಡೆಯವರು ಸ್ಲೊವಾಕ್ ಮೂಲದವರು, ತಾಯಿಯ ಕಡೆಯವರು ಚೆಕ್ ಮೂಲದವರು. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಿದರು. ನೀಲ್ ಆರ್ಮ್‌ಸ್ಟ್ರಾಂಗ್ ಓದಿದ್ದೂ ಅಲ್ಲೇ. ಮೊದಲು ಹೆಜ್ಜೆ ಇಟ್ಟವರು, ಕೊನೆಗೆ ಹೆಜ್ಜೆ ಎತ್ತಿದವರು, ಇಬ್ಬರೂ ಒಂದೇ ಕಾಲೇಜು! ಸರ್ನನ್ ನೌಕಾಪಡೆಯ ಪೈಲಟ್ ಆಗಿ, 1963ರಲ್ಲಿ ನಾಸಾ ಸೇರಿದರು.

1966ರಲ್ಲಿ ಅವರು ಜೆಮಿನಿ 9 ಎಂಬ, ಇಬ್ಬರು ಕೂತು ಭೂಮಿಯನ್ನು ಸುತ್ತುವ ಯಾತ್ರೆಯ ಬದಲಿ ತಂಡದಲ್ಲಿದ್ದರು. ಮುಖ್ಯ ತಂಡದ ಇಬ್ಬರು, ಎಲಿಯಟ್ ಸೀ ಮತ್ತು ಚಾರ್ಲ್ಸ್ ಬ್ಯಾಸೆಟ್, ಫೆಬ್ರವರಿ 28ರಂದು ಸೇಂಟ್ ಲೂಯಿಸ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಟಾಮ್ ಸ್ಟಾಫರ್ಡ್ ಮತ್ತು ಸರ್ನನ್ ಇನ್ನೊಂದು ವಿಮಾನದಲ್ಲಿ ಅವರ ಹಿಂದೆಯೇ ಬರುತ್ತಿದ್ದರು. ಮೂರು ತಿಂಗಳ ನಂತರ, ಜೂನ್ 3ರಂದು, ತೀರಿಹೋದ ಗೆಳೆಯರ ಸೀಟಿನಲ್ಲಿ ಕೂತು ಇವರಿಬ್ಬರೂ ಹಾರಿದರು.

ಆ ಯಾತ್ರೆಯಲ್ಲಿ ಸರ್ನನ್ ನೌಕೆಯಿಂದ ಹೊರಗೆ ಬಂದು ಬಾಹ್ಯಾಕಾಶದಲ್ಲಿ ಕೆಲಸ ಮಾಡಬೇಕಿತ್ತು. ಅವರಿಗಿಂತ ಮೊದಲು ಹಾಗೆ ಹೊರಗೆ ಬಂದವರು ಇಬ್ಬರೇ. ಸೋವಿಯತ್ ದೇಶದ ಅಲೆಕ್ಸಿ ಲಿಯೊನೊವ್, ಅಮೆರಿಕದ ಎಡ್ ವೈಟ್. ಅವರಿಬ್ಬರೂ ಹೆಚ್ಚೆಂದರೆ ಇಪ್ಪತ್ತು ಚಿಲ್ಲರೆ ನಿಮಿಷ ತೇಲಿ ಒಳಗೆ ಬಂದಿದ್ದರು. ಸರ್ನನ್ ಹಾಗಲ್ಲ, ನೌಕೆಯ ಹಿಂಭಾಗಕ್ಕೆ ಹೋಗಿ, ಅಲ್ಲಿ ಮಡಚಿಟ್ಟಿದ್ದ ಹಾರುವ ಯಂತ್ರವನ್ನು ಬೆನ್ನಿಗೆ ಕಟ್ಟಿಕೊಂಡು ಹಾರಬೇಕಿತ್ತು. ಅದರ ಬಿಸಿ ಅನಿಲ ಕಾಲು ಸುಡಬಾರದು ಅಂತ ಪ್ಯಾಂಟಿಗೆ ಲೋಹದ ಎಳೆಗಳನ್ನು ನೇಯ್ದಿದ್ದರು.

ಏನಾಯಿತು ಗೊತ್ತಾ? ಒಳಗೆ ಗಾಳಿ ತುಂಬಿದ ಉಡುಪು ಗಟ್ಟಿಯಾಗಿ ಸೆಟೆದುಕೊಂಡಿತು, ಕೈ ಮಡಚಬೇಕಾದರೂ ಬಲ ಹಾಕಬೇಕಾಯಿತು. ನೌಕೆಯ ಹೊರಗೆ ಹಿಡಿದುಕೊಳ್ಳಲು ಹಿಡಿಗಳು ಸಾಲದು, ಕಾಲು ಊರಲು ಜಾಗವಿಲ್ಲ. ನಾವು ನೆಲದ ಮೇಲೆ ಒಂದು ತಿರುಪು ತಿರುಗಿಸುವಾಗ ನೆಲ ನಮ್ಮನ್ನು ಹಿಡಿದಿರುತ್ತದೆ, ಅದು ನಮ್ಮ ಗಮನಕ್ಕೇ ಬರುವುದಿಲ್ಲ. ಅಲ್ಲಿ ಹಿಡಿಯುವ ನೆಲವೇ ಇಲ್ಲ. ತಿರುಪು ತಿರುಗಿಸಿದರೆ ಮನುಷ್ಯನೇ ಅದರ ಎದುರು ದಿಕ್ಕಿಗೆ ತಿರುಗುತ್ತಾನೆ. ತಳ್ಳಿದರೆ ತಾನೇ ಹಿಂದಕ್ಕೆ ಹೋಗುತ್ತಾನೆ. ನ್ಯೂಟನ್ನನ ಮೂರನೇ ನಿಯಮ ಅಂತ ನಿಮ್ಮ ಮಗಳು ಶಾಲೆಯಲ್ಲಿ ಬಾಯಿಪಾಠ ಮಾಡಿರುತ್ತಾಳಲ್ಲ, ಅದನ್ನು ಸರ್ನನ್ ಮೈಮೇಲೆ ಅನುಭವಿಸಿದರು. ಎದೆಬಡಿತ ವಿಪರೀತ ಏರಿತು. ಉಡುಪನ್ನು ತಂಪು ಮಾಡುವ ಗಾಳಿ ಆ ಬೆವರಿಗೆ ಸಾಲಲಿಲ್ಲ. ಹೆಲ್ಮೆಟ್ಟಿನ ಗಾಜಿನ ಒಳಗೆ ಹಬೆ ಕಟ್ಟಿ ಕಣ್ಣೇ ಕಾಣದಾಯಿತು. ಕೈ ಒಳಗೆ ಹಾಕಿ ಒರೆಸುವಂತಿಲ್ಲ, ಮೂಗಿನಿಂದ ಉಜ್ಜಿ ಒಂದು ಸಣ್ಣ ಕಿಂಡಿ ಮಾಡಿಕೊಂಡು ಅದರಲ್ಲಿ ನೋಡಿದರು. ಕೊನೆಗೆ ಸ್ಟಾಫರ್ಡ್ ಸಾಕು, ಒಳಗೆ ಬಾ ಎಂದರು. ಎರಡು ಗಂಟೆ ಚಿಲ್ಲರೆ ಹೊರಗಿದ್ದರೂ ಬೆನ್ನಿನ ಯಂತ್ರ ಹಾರಲೇ ಇಲ್ಲ.

ಇದನ್ನು ಇಷ್ಟು ವಿಸ್ತಾರವಾಗಿ ಯಾಕೆ ಹೇಳುತ್ತಿದ್ದೇನೆ ಅಂದರೆ, ಬಾಹ್ಯಾಕಾಶದಲ್ಲಿ ಕೆಲಸ ಮಾಡುವುದು ಹೇಗೆ ಎಂದು ಮನುಷ್ಯ ಕಲಿತದ್ದು ಆ ಎರಡು ಗಂಟೆಯಿಂದ. ಅವರು ಬಂದು ಆದದ್ದನ್ನೆಲ್ಲ ಹೇಳಿದ ಮೇಲೆ ನಾಸಾದವರು ತರಬೇತಿಯನ್ನೇ ಬದಲಿಸಿದರು. ದೊಡ್ಡ ಕೊಳದಲ್ಲಿ, ನೀರೊಳಗೆ, ಮುಳುಗದೆ ತೇಲದೆ ನಿಲ್ಲುವಂತೆ ತೂಕ ಕಟ್ಟಿ ಅಭ್ಯಾಸ ಮಾಡಿಸಿದರು. ನೌಕೆಯ ಹೊರಗೆ ಹಿಡಿಗಳನ್ನೂ ಕಾಲು ಸಿಕ್ಕಿಸುವ ಪಟ್ಟಿಗಳನ್ನೂ ಹಾಕಿದರು. ಅದೇ ವರ್ಷ ನವೆಂಬರಿನಲ್ಲಿ ಜೆಮಿನಿ 12ರಲ್ಲಿ ಹೋದ ಬಜ್ ಆಲ್ಡ್ರಿನ್ ಮೂರು ಸಲ ಸೇರಿ ಐದು ಗಂಟೆಗೂ ಜಾಸ್ತಿ ಆರಾಮವಾಗಿ ಕೆಲಸ ಮಾಡಿದರು. ಚಂದ್ರನಿಗೆ ಹೊಲಿದ ಉಡುಪಿನಲ್ಲಿ ತಂಪಿಗೆ ಗಾಳಿಯೊಂದನ್ನೇ ನಂಬಲಿಲ್ಲ, ಒಳಉಡುಪಿನ ತುಂಬ ತೆಳು ಕೊಳವೆಗಳಲ್ಲಿ ನೀರು ಹರಿಸಿದರು. ಇವತ್ತಿಗೂ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಹೊರಗೆ ಬಂದು ಕೆಲಸ ಮಾಡುವವರು ಮೊದಲು ನೀರಿನ ಕೊಳದಲ್ಲೇ ಗಂಟೆಗಟ್ಟಲೆ ಪಳಗುತ್ತಾರೆ. ಸೋತು ಬಂದ ಮನುಷ್ಯ ಮುಚ್ಚಿಡದೆ ಹೇಳಿದ್ದರಿಂದ ಆದದ್ದು ಇದು.

ಮುಂದೆ 1969ರ ಮೇ ತಿಂಗಳಲ್ಲಿ ಅಪೊಲೊ 10. ಇದು ಆರ್ಮ್‌ಸ್ಟ್ರಾಂಗ್ ಇಳಿಯುವುದಕ್ಕೆ ಎರಡು ತಿಂಗಳ ಹಿಂದಿನ ತಾಲೀಮು. ಸ್ಟಾಫರ್ಡ್ ಮತ್ತು ಸರ್ನನ್ ಚಂದ್ರನ ನೆಲಕ್ಕೆ ಸುಮಾರು 15 ಕಿ.ಮೀ. ಹತ್ತಿರದವರೆಗೆ ಹೋದರು. ಇಳಿಯಲಿಲ್ಲ, ಇಳಿಯುವ ಯೋಜನೆಯೇ ಇರಲಿಲ್ಲ. ಮದುವೆ ಮನೆಯ ಬಾಗಿಲ ತನಕ ಹೋಗಿ, ಚಪ್ಪರ ಸರಿಯಿದೆಯಾ ಅಂತ ನೋಡಿ, ಊಟ ಮಾಡದೆ ತಿರುಗಿ ಬಂದ ಹಾಗೆ. ಆದರೆ ಆ ತಾಲೀಮು ಇಲ್ಲದೆ ಜುಲೈನ ಇಳಿತ ಇರುತ್ತಿರಲಿಲ್ಲ.

ಆಮೇಲೆ ಅವರು ಮಾಡಿದ ಒಂದು ಆಯ್ಕೆ ನನಗೆ ಇವತ್ತಿಗೂ ದೊಡ್ಡದಾಗಿ ಕಾಣುತ್ತದೆ. ಅಪೊಲೊ 16ರಲ್ಲಿ ಜಾನ್ ಯಂಗ್ ಜೊತೆ ಎರಡನೆಯವರಾಗಿ ಚಂದ್ರನ ಮೇಲೆ ಇಳಿಯುವ ಅವಕಾಶ ಬಂದಿತ್ತು. ಸರ್ನನ್ ಬೇಡ ಎಂದರು. ಕಮಾಂಡರ್ ಆಗಿಯೇ ಹೋಗಬೇಕು ಅನ್ನುವುದು ಅವರ ಮನಸ್ಸು. ಯಾತ್ರೆಗಳು ಒಂದೊಂದಾಗಿ ರದ್ದಾಗುತ್ತಿದ್ದ ಕಾಲ ಅದು, ಸಿಗದೇ ಹೋಗಬಹುದಿತ್ತು. ಸಾಲದ್ದಕ್ಕೆ 1971ರಲ್ಲಿ ಫ್ಲಾರಿಡಾದಲ್ಲಿ ಹೆಲಿಕಾಪ್ಟರನ್ನು ನೀರಿಗೆ ತೀರಾ ಹತ್ತಿರ ಹಾರಿಸಿ, ಅದು ನೀರಿಗೆ ಬಡಿದು, ಹೇಗೋ ಈಜಿ ಬದುಕಿದರು. ಆದರೂ ಅಪೊಲೊ 17 ಅವರಿಗೇ ಬಂತು.

ಆ ತಂಡದಲ್ಲಿ ಇನ್ನೊಂದು ಬದಲಾವಣೆ ಆಯಿತು. ಸರ್ನನ್ ಜೊತೆ ತರಬೇತಿ ಪಡೆದಿದ್ದ ಪೈಲಟ್ ಜೋ ಎಂಗಲ್ ಅವರನ್ನು ಬಿಟ್ಟು ಹ್ಯಾರಿಸನ್ ಶ್ಮಿಟ್ ಅವರನ್ನು ಹಾಕಿದರು. ಶ್ಮಿಟ್ ಭೂವಿಜ್ಞಾನಿ. ಕಲ್ಲು ಓದುವುದೇ ಅವರ ಕಸುಬು. ಸರ್ನನ್‌ಗೆ ಮೊದಲು ಇದು ಇಷ್ಟವಿರಲಿಲ್ಲ, ತನ್ನ ಜೊತೆಗಾರನಿಗೆ ಅನ್ಯಾಯವಾಯಿತು ಅನ್ನಿಸಿತ್ತು. ಆದರೆ ಯೋಚಿಸಿ ನೋಡಿ: ಚಂದ್ರನ ಮೇಲೆ ನಡೆದ ಹನ್ನೆರಡು ಜನರಲ್ಲಿ ಕಸುಬಿನಿಂದ ವಿಜ್ಞಾನಿ ಒಬ್ಬರೇ, ಅದೂ ಕೊನೆಯ ಯಾತ್ರೆಯಲ್ಲಿ. ಎಂಗಲ್ ಅವರ ಬಗ್ಗೆ ಬೇಸರವಾದರೂ ಆ ನಿರ್ಧಾರ ಸರಿ ಅಂತಲೇ ನಾನು ಹೇಳುತ್ತೇನೆ. ಯಾಕೆ ಅಂತ ಈಗ ಗೊತ್ತಾಗುತ್ತದೆ.

1972ರ ಡಿಸೆಂಬರ್ 7, ಫ್ಲಾರಿಡಾದಲ್ಲಿ ಮಧ್ಯರಾತ್ರಿ ಕಳೆದಿತ್ತು. ಅಷ್ಟು ದೊಡ್ಡ ಸ್ಯಾಟರ್ನ್ 5 ರಾಕೆಟ್ ಮನುಷ್ಯರನ್ನು ಹೊತ್ತು ರಾತ್ರಿ ಹಾರಿದ್ದು ಅದೊಂದೇ ಸಲ. ಹಾರಿ ಕೆಲವು ಗಂಟೆಗಳಾದ ಮೇಲೆ, ಸುಮಾರು 29,000 ಕಿ.ಮೀ. ದೂರದಿಂದ ಅವರು ಭೂಮಿಯ ಒಂದು ಫೋಟೊ ತೆಗೆದರು. ಪೂರ್ತಿ ದುಂಡಗೆ, ಪೂರ್ತಿ ಬೆಳಕಿನಲ್ಲಿ, ನೀಲಿ ಗೋಲಿಯ ಹಾಗೆ ಕಾಣುವ ಆ ಚಿತ್ರವನ್ನು ನಿಮ್ಮ ಮಗಳ ಪುಸ್ತಕದಲ್ಲೂ ನೋಡಿರುತ್ತೀರಿ. ಮುಂದಿನ ಸಲ ನೋಡುವಾಗ ಮೇಲೆ ಬಲಗಡೆ ಅಂಚಿಗೆ ಕಣ್ಣು ಹಾಯಿಸಿ, ಅಲ್ಲೊಂದು ಮೋಡದ ಸುಳಿ ಇದೆ. ಅದು ಎರಡು ದಿನ ಮೊದಲು ತಮಿಳುನಾಡಿಗೆ ಬಡಿದ ಚಂಡಮಾರುತ. ಜಗತ್ತಿನ ಅಷ್ಟು ಪ್ರಸಿದ್ಧ ಫೋಟೊದಲ್ಲಿ ನಮ್ಮ ಪಕ್ಕದ ರಾಜ್ಯದ ಮಳೆಗಾಳಿ ಇದೆ ಅಂತ ನಾನು ಮಕ್ಕಳಿಗೆ ಹೇಳಿದಾಗಲೆಲ್ಲ ಅವರು ಪುಸ್ತಕಕ್ಕೆ ಮುಖ ತಾಗಿಸಿ ಹುಡುಕುತ್ತಾರೆ.

ಡಿಸೆಂಬರ್ 11ರಂದು ಟಾರಸ್-ಲಿಟ್ರೋ ಎಂಬ ಕಣಿವೆಯಲ್ಲಿ ಇಳಿದರು. ರಾನ್ ಇವಾನ್ಸ್ ಮೇಲೆ ನೌಕೆಯಲ್ಲಿ ಒಬ್ಬರೇ ಸುತ್ತುತ್ತಿದ್ದರು. ಕೆಳಗಿನ ಇಬ್ಬರು ಅಲ್ಲಿದ್ದದ್ದು ಸುಮಾರು 75 ಗಂಟೆ, ನೌಕೆಯಿಂದ ಹೊರಗೆ ಕೆಲಸ ಮಾಡಿದ್ದು 22 ಗಂಟೆ. ಹೋಲಿಕೆಗೆ ಹೇಳುತ್ತೇನೆ: ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಹೊರಗಿದ್ದದ್ದು ಎರಡೂವರೆ ಗಂಟೆ, ತಂದದ್ದು 21 ಕಿಲೋ ಚಿಲ್ಲರೆ ಕಲ್ಲುಮಣ್ಣು. ಅಪೊಲೊ 17 ತಂದದ್ದು 110 ಕಿಲೋ. ವಿದ್ಯುತ್ ಜೀಪಿನಂಥ ಗಾಡಿಯಲ್ಲಿ ಇವರು ಸುಮಾರು 35 ಕಿ.ಮೀ. ಓಡಾಡಿದರು, ನೌಕೆಯಿಂದ ಏಳು ಕಿ.ಮೀ.ಗೂ ದೂರ ಹೋದರು. ಅದಕ್ಕಿಂತ ದೂರ ಯಾಕೆ ಹೋಗಲಿಲ್ಲ ಅಂದರೆ, ಗಾಡಿ ಕೆಟ್ಟರೆ ಬೆನ್ನಿನ ಆಮ್ಲಜನಕ ಮುಗಿಯುವುದರೊಳಗೆ ನಡೆದೇ ವಾಪಸ್ ಬರಬೇಕು. ಎಲ್ಲ ದಾರಿಯನ್ನೂ ಆ ಒಂದು ಲೆಕ್ಕದ ಮೇಲೆ ಹಾಕಿದ್ದರು.

ಮೊದಲ ದಿನವೇ ಒಂದು ಎಡವಟ್ಟು. ಸರ್ನನ್ ಅವರ ಜೇಬಿನ ಸುತ್ತಿಗೆ ತಗುಲಿ ಗಾಡಿಯ ಹಿಂದಿನ ಒಂದು ಮಡ್‌ಗಾರ್ಡ್ ಮುರಿಯಿತು. ಮಡ್‌ಗಾರ್ಡ್ ತಾನೇ ಅನ್ನಬೇಡಿ. ಚಂದ್ರನ ಧೂಳು ನಮ್ಮ ಹೊಲದ ಧೂಳಿನ ಹಾಗಲ್ಲ. ಅಲ್ಲಿ ಗಾಳಿಯಿಲ್ಲ, ಹರಿಯುವ ನೀರಿಲ್ಲ, ಆದ್ದರಿಂದ ಕಣಗಳ ಮೂಲೆ ಸವೆದಿಲ್ಲ, ಒಡೆದ ಗಾಜಿನಂತೆ ಚೂಪು. ಉಡುಪು ತರಿಯುತ್ತದೆ, ಕೀಲುಗಳಲ್ಲಿ ಕೂರುತ್ತದೆ. ಕಪ್ಪು ಧೂಳು ಬ್ಯಾಟರಿ ಮೇಲೆ ಕೂತರೆ ಬಿಸಿಲು ಹೀರಿ ಯಂತ್ರ ಕಾಯುತ್ತದೆ. ಚಕ್ರ ತಿರುಗಿದಂತೆಲ್ಲ ಅದು ಇಬ್ಬರ ತಲೆಯ ಮೇಲೆ ಸುರಿಯತೊಡಗಿತು. ಮೊದಲು ಟೇಪು ಸುತ್ತಿ ನೋಡಿದರು, ಧೂಳಿನ ಮೇಲೆ ಟೇಪು ಅಂಟೀತಾ? ಆ ರಾತ್ರಿ ನಾಸಾದ ನಿಯಂತ್ರಣ ಕೇಂದ್ರವಿರುವ ಹ್ಯೂಸ್ಟನ್‌ನಲ್ಲಿ ಉಪಾಯ ಹುಡುಕಿದರು. ಜಾನ್ ಯಂಗ್ ಅದನ್ನು ತಾವೇ ಮಾಡಿ ನೋಡಿ, ರೇಡಿಯೋದಲ್ಲಿ ಹೇಳಿಕೊಟ್ಟರು. ಬೆಳಿಗ್ಗೆ ಸರ್ನನ್ ಮತ್ತು ಶ್ಮಿಟ್ ನಾಲ್ಕು ದಪ್ಪ ನಕ್ಷೆಗಳನ್ನು ಒಂದಕ್ಕೊಂದು ಅಂಟಿಸಿ, ದೀಪದ ಕ್ಲಾಂಪುಗಳಿಂದ ಗಾಡಿಗೆ ಬಿಗಿದರು. ಕೊನೆಯ ತನಕ ನಡೆಯಿತು. ಆ ನಕ್ಷೆಯ ಮಡ್‌ಗಾರ್ಡನ್ನು ಅವರು ವಾಪಸ್ ತಂದರು, ಈಗ ಅದು ವಾಷಿಂಗ್‌ಟನ್‌ನ ಮ್ಯೂಸಿಯಂನಲ್ಲಿದೆ. ನಮ್ಮ ಹಳ್ಳಿ ಮೆಕ್ಯಾನಿಕ್ ನೋಡಿದರೆ ‘ನಾನೂ ಹಿಂಗೇ ಮಾಡ್ತಿದ್ದೆ’ ಅನ್ನುತ್ತಾನೆ, ಮತ್ತು ಅವನು ಹೇಳುವುದು ನಿಜ.

ಎರಡನೇ ದಿನ ಶಾರ್ಟಿ ಎಂಬ ಕುಳಿಯ ಅಂಚಿನಲ್ಲಿ ಶ್ಮಿಟ್ ಕಾಲಿನಿಂದ ಮಣ್ಣು ಕೆದಕಿದಾಗ ಬೂದು ಬಣ್ಣದ ಕೆಳಗೆ ಕಿತ್ತಳೆ ಬಣ್ಣ ಕಂಡಿತು. ಎಲ್ಲ ಬೂದಿಯಂತೆ ಕಾಣುವ ಊರಲ್ಲಿ ಕಿತ್ತಳೆ! ಅದು ಪುಟ್ಟ ಪುಟ್ಟ ಗಾಜಿನ ಮಣಿಗಳು ಅಂತ ಆಮೇಲೆ ಗೊತ್ತಾಯಿತು. 350 ಕೋಟಿ ವರ್ಷಕ್ಕೂ ಹಿಂದೆ ಚಂದ್ರನ ಒಳಗಿನಿಂದ ಲಾವಾ ಕಾರಂಜಿಯಂತೆ ಚಿಮ್ಮಿ, ಹನಿಹನಿಯಾಗಿ ತಣ್ಣಗಾಗಿ ಉದುರಿದ ಮಣಿಗಳು.

ಇಲ್ಲಿಂದ ನಿಮ್ಮ ಮಗಳ ಮೂರನೇ ಪ್ರಶ್ನೆಗೆ ಉತ್ತರ ಸಿಗುತ್ತದೆ. ಏನು ಸಿಕ್ಕಿತು? ಆ ಮಣಿಗಳನ್ನೇ ತೆಗೆದುಕೊಳ್ಳಿ. ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಚಂದ್ರ ಒಣ ಎಲುಬಿನಂತೆ, ಒಳಗೂ ನೀರಿಲ್ಲ ಅಂತಲೇ ಎಲ್ಲರೂ ನಂಬಿದ್ದರು. 2008ರಲ್ಲಿ ಹೊಸ ಉಪಕರಣಗಳಿಂದ ಅಪೊಲೊ 15 ಮತ್ತು 17ರ ಇಂಥ ಮಣಿಗಳನ್ನು ಮತ್ತೆ ನೋಡಿದಾಗ ಒಳಗೆ ನೀರಿನ ಅಂಶ ಸಿಕ್ಕಿತು. ಅದೇ ವರ್ಷ ಅಕ್ಟೋಬರ್ 22ರಂದು ನಮ್ಮ ಚಂದ್ರಯಾನ-1 ಹಾರಿತು. ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿ ಆ ಯಾತ್ರೆಗೆಂದೇ ನಿಲ್ಲಿಸಿದ 32 ಮೀಟರ್ ಅಗಲದ ಆಂಟೆನಾ ಅದರ ಮಾತು ಕೇಳಿಸಿಕೊಂಡಿತು. ಚಂದ್ರನ ಮೇಲ್ಮಣ್ಣಿನಲ್ಲೂ ನೀರಿನ ಗುರುತು ಇದೆ ಎಂಬ ಸುದ್ದಿ ಅದರ ಅಳತೆಗಳಿಂದ 2009ರಲ್ಲಿ ಹೊರಬಿತ್ತು. 1972ರಲ್ಲಿ ಗುದ್ದಲಿಯಲ್ಲಿ ಎತ್ತಿದ ಮಣ್ಣು ಒಂದು ಕಡೆ, ನೂರು ಕಿ.ಮೀ. ಮೇಲಿನಿಂದ ನೋಡಿದ ನಮ್ಮ ನೌಕೆ ಇನ್ನೊಂದು ಕಡೆ. ಚಂದ್ರನ ನೀರಿನ ವಿಷಯದಲ್ಲಿ ಇವೆರಡನ್ನೂ ಜೊತೆಗಿಟ್ಟೇ ಓದಬೇಕು.

ಇನ್ನೊಂದು ಇದೆ, ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು. ಹಳೆಯ ಭೂಕುಸಿತದ ಮಣ್ಣು ಹರಡಿದ ಜಾಗದಲ್ಲಿ ಎರಡು ಕೊಳವೆಗಳನ್ನು ಒಂದರ ಮೇಲೊಂದು ಜೋಡಿಸಿ, ಸರ್ನನ್ ಸುತ್ತಿಗೆಯಿಂದ ಹೊಡೆದು ನೆಲಕ್ಕೆ ಇಳಿಸಿದರು. ಕೆಳಗಿನ ಕೊಳವೆಯನ್ನು ಅಲ್ಲೇ, ಚಂದ್ರನ ನಿರ್ವಾತದಲ್ಲೇ, ಮುಚ್ಚಿ ಬಿಗಿದರು. ಭೂಮಿಗೆ ತಂದ ಮೇಲೆ ಅದನ್ನು ಬೇಕಂತಲೇ ತೆರೆಯಲಿಲ್ಲ. ಮುಂದೆ ಇದಕ್ಕಿಂತ ಒಳ್ಳೆಯ ಉಪಕರಣ ಬರುತ್ತದೆ, ಆಗ ಹುಟ್ಟಿ ಬೆಳೆದ ಮಕ್ಕಳು ತೆರೆಯಲಿ ಅಂತ ಎತ್ತಿಟ್ಟರು. ನಮ್ಮ ಅಜ್ಜಿಯರು ಒಳ್ಳೆಯ ಬಿತ್ತನೆ ಬೀಜವನ್ನು ಬೂದಿ ಬೆರೆಸಿ ಮಡಕೆಯಲ್ಲಿ ಇಡುತ್ತಿದ್ದರಲ್ಲ, ಹಾಗೆ. 2022ರ ಮಾರ್ಚ್‌ನಲ್ಲಿ, ಸುಮಾರು ಐವತ್ತು ವರ್ಷವಾದ ಮೇಲೆ, ಅದನ್ನು ತೆರೆದರು. ಸರ್ನನ್ ಅಷ್ಟರಲ್ಲಿ ಇರಲಿಲ್ಲ. 2017ರ ಜನವರಿ 16ರಂದು, 82ನೇ ವಯಸ್ಸಿನಲ್ಲಿ ಹ್ಯೂಸ್ಟನ್‌ನಲ್ಲಿ ತೀರಿಕೊಂಡಿದ್ದರು. ತಾನು ಬಡಿದಿಳಿಸಿದ ಕೊಳವೆಯಲ್ಲಿ ಏನಿತ್ತು ಅಂತ ಅವರು ನೋಡಲಿಲ್ಲ. ಅದನ್ನು ನೆನೆದರೆ ನನಗೆ ಗಂಟಲು ಕಟ್ಟುತ್ತದೆ. 2023ರಲ್ಲಿ ಅದೇ ಯಾತ್ರೆಯ ಇನ್ನೊಂದು ಕಲ್ಲಿನ ಹರಳುಗಳನ್ನು ಅಳೆದು, ಚಂದ್ರನ ವಯಸ್ಸು ಕನಿಷ್ಠ 446 ಕೋಟಿ ವರ್ಷ ಎಂದು ವಿಜ್ಞಾನಿಗಳು ಹೇಳಿದರು.

ಹಾಗಾದರೆ ಆಮೇಲೆ ಯಾರೂ ಯಾಕೆ ಇಳಿಯಲಿಲ್ಲ? ದುಡ್ಡು ಮತ್ತು ಮನಸ್ಸು, ಎರಡೂ ಮುಗಿದವು. ಸೋವಿಯತ್ ದೇಶಕ್ಕಿಂತ ಮೊದಲು ತಲುಪಬೇಕು ಅನ್ನುವ ಹಟದಲ್ಲಿ ಅಮೆರಿಕ 1966ರಲ್ಲಿ ತನ್ನ ಕೇಂದ್ರ ಬಜೆಟ್ಟಿನ ಶೇ. 4ಕ್ಕೂ ಹೆಚ್ಚು ಹಣವನ್ನು ನಾಸಾಕ್ಕೆ ಕೊಟ್ಟಿತ್ತು. 1969ರಲ್ಲಿ ಗೆದ್ದಾಯಿತು. ವಿಯೆಟ್ನಾಂ ಯುದ್ಧದ ಖರ್ಚು ತಲೆಯ ಮೇಲಿತ್ತು. ಅಪೊಲೊ 18, 19, 20 ಮೂರನ್ನೂ 1970ರಲ್ಲೇ ರದ್ದು ಮಾಡಿದರು. ಹಾರಬೇಕಿದ್ದ ರಾಕೆಟ್ಟಿನ ಭಾಗಗಳು ಈಗ ಹ್ಯೂಸ್ಟನ್ ಮತ್ತು ಫ್ಲಾರಿಡಾದಲ್ಲಿ ಮಲಗಿವೆ, ಜನ ಟಿಕೆಟ್ ಕೊಟ್ಟು ನೋಡುತ್ತಾರೆ. ಹೋಗಲು ಆಗಲಿಲ್ಲ ಅಂತಲ್ಲ, ಹೋಗುವುದು ಬೇಡ ಅಂತ ತೀರ್ಮಾನ ಮಾಡಿದರು. ಅದು ತಪ್ಪು ತೀರ್ಮಾನ ಅಂತ ನನ್ನ ಅಭಿಪ್ರಾಯ. ಸರಿಯಾದ ಗಾಡಿ, ಸರಿಯಾದ ಉಡುಪು, ಜೊತೆಗೆ ಒಬ್ಬ ವಿಜ್ಞಾನಿ, ಎಲ್ಲ ಕೂಡಿ ಬಂದ ಹೊತ್ತಿಗೆ ಅಂಗಡಿ ಮುಚ್ಚಿದರು. ಸರ್ನನ್ ಏಣಿ ಹತ್ತುವ ಮುಂಚೆ ಹೇಳಿದ್ದು, ಮನುಷ್ಯ ಇಲ್ಲಿಗೆ ಮತ್ತೆ ಬರುವ ದಿನ ತುಂಬ ದೂರವಿಲ್ಲ ಅಂತ ನಂಬಿದ್ದೇವೆ ಎಂದು. 2010ರಲ್ಲಿ, 76ರ ವಯಸ್ಸಿನಲ್ಲಿ, ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಆರ್ಮ್‌ಸ್ಟ್ರಾಂಗ್ ಜೊತೆ ಕೂತು, ಚಂದ್ರಯಾತ್ರೆಯನ್ನು ಮತ್ತೆ ಕೈಬಿಡಬೇಡಿ ಎಂದು ವಾದಿಸಿದರು. ಕೊನೆಯವನು ಅನ್ನುವ ಬಿರುದು ಅವರಿಗೆ ಬೇಕಿರಲಿಲ್ಲ.

ಬಿಟ್ಟ ಕೆಲಸ ಪೂರ್ತಿ ನಿಂತೂ ಇಲ್ಲ. ಅಪೊಲೊ ಯಾತ್ರಿಗಳು ಚಂದ್ರನ ಮೇಲಿಟ್ಟಿದ್ದ ಕಂಪನ ಅಳೆಯುವ ಯಂತ್ರಗಳನ್ನು 1977ರಲ್ಲಿ ನಿಲ್ಲಿಸಿಬಿಟ್ಟಿದ್ದರು. 2023ರ ಆಗಸ್ಟ್ 23ರಂದು ನಮ್ಮ ವಿಕ್ರಮ್ ಇಳಿದಾಗ ಅದರಲ್ಲಿ ಇಲ್ಸಾ ಎಂಬ ಕಂಪನ ಮಾಪಕ ಇತ್ತು, ಬೆಂಗಳೂರಿನ ಇಸ್ರೋ ಪ್ರಯೋಗಾಲಯದಲ್ಲಿ ತಯಾರಾದದ್ದು. ಅಪೊಲೊ 15 ಮತ್ತು 17ರವರು ನೆಲ ಕೊರೆದು ಒಳಗಿನ ಬಿಸಿ ಅಳೆದಿದ್ದರು. ವಿಕ್ರಮ್ ಕೂಡ ಒಂದು ಶಲಾಕೆಯನ್ನು ಕೆಲವೇ ಸೆಂಟಿಮೀಟರ್ ಚುಚ್ಚಿ ಉಷ್ಣತೆ ಅಳೆಯಿತು, ಈ ಸಲ ದಕ್ಷಿಣ ಧ್ರುವದ ಕಡೆ, ಹಿಂದೆ ಯಾರೂ ಅಳೆಯದ ಜಾಗದಲ್ಲಿ.

ಮಗಳಿಗೆ ಒಂದು ಕೆಲಸ ಹೇಳುತ್ತೇನೆ. ಅಮಾವಾಸ್ಯೆ ಕಳೆದು ಷಷ್ಠಿ ಅಥವಾ ಸಪ್ತಮಿಯ ಸಂಜೆ ತಾರಸಿಗೆ ಕರೆದುಕೊಂಡು ಹೋಗಿ. ಆ ತಿಥಿಯೇ ಯಾಕೆ ಅಂದರೆ, ಪಂಚಮಿಯ ಹೊತ್ತಿಗೆ ಆ ಕಣಿವೆಯಲ್ಲಿ ಬೆಳಗಾಗುತ್ತದೆ, ಮರುದಿನ ಎಳೆಬಿಸಿಲು ಇರುತ್ತದೆ. ಅವರು ಇಳಿದದ್ದೂ ಅಂಥದೇ ಎಳೆಬಿಸಿಲಿನಲ್ಲಿ, ಅಮಾವಾಸ್ಯೆಯಾದ ಆರನೇ ದಿನ. ನೆರಳು ಉದ್ದಕ್ಕೆ ಬಿದ್ದರೆ ಗುಂಡಿ, ಕಲ್ಲು ಎಲ್ಲಿದೆ ಅಂತ ಕಾಣುತ್ತದಲ್ಲ, ಅದಕ್ಕೆ. ಸಾಧಾರಣ ಬೈನಾಕ್ಯುಲರ್ ಸಾಕು. ಮೊಣಕೈಯನ್ನು ಗೋಡೆಗೆ ಊರಿ ಹಿಡಿಯಲಿ, ಇಲ್ಲದಿದ್ದರೆ ಚಂದ್ರ ಕುಣಿಯುತ್ತಾನೆ. ಚಂದ್ರನಲ್ಲಿ ನಾವು ಮೊಲ ಕಾಣುತ್ತೇವಲ್ಲ, ಆ ಮೊಲದ ತಲೆಯಾಗುವ ಕಪ್ಪು ಕಲೆ, ಅದಕ್ಕೆ ತಾಗಿದಂತೆ ಉತ್ತರಕ್ಕೆ ಇನ್ನೊಂದು ದುಂಡು ಕಲೆ. ಎರಡೂ ಸೇರುವ ಕಡೆಯಲ್ಲಿ, ದುಂಡು ಕಲೆಯ ಹೊರ ಅಂಚಿನ ಬೆಟ್ಟಗಳ ನಡುವೆ ಟಾರಸ್-ಲಿಟ್ರೋ. ಗಾಡಿ ಕಾಣುವುದಿಲ್ಲ, ಎಷ್ಟು ದೊಡ್ಡ ದೂರದರ್ಶಕ ತಂದರೂ ಭೂಮಿಯಿಂದ ಕಾಣುವುದಿಲ್ಲ. ಆದರೆ ಅದು ಅಲ್ಲೇ ಇದೆ. ಚಂದ್ರನನ್ನು ಸುತ್ತುವ ನಾಸಾದ ನೌಕೆಯೊಂದು 2011ರಲ್ಲಿ ತೆಗೆದ ಫೋಟೊಗಳಲ್ಲಿ ಗಾಡಿಯೂ, ಅದರ ಚಕ್ರದ ಜೋಡು ಗೆರೆಯೂ, ಇಬ್ಬರು ನಡೆದ ಕಾಲುದಾರಿಯೂ ಕಾಣುತ್ತವೆ. ಹೊರಡುವ ಮುಂಚೆ ಸರ್ನನ್ ಆ ಗಾಡಿಯನ್ನು ನೌಕೆಯಿಂದ ಸ್ವಲ್ಪ ದೂರ ನಿಲ್ಲಿಸಿ, ಇಳಿದು, ಪಕ್ಕದ ಧೂಳಿನಲ್ಲಿ ಬೆರಳಿನಿಂದ ಮಗಳ ಹೆಸರಿನ ಮೂರು ಅಕ್ಷರ ಬರೆದರು. ಆಗ ಆ ಹುಡುಗಿಗೆ ಒಂಬತ್ತು ವರ್ಷ. ಗಾಳಿ ಮಳೆ ಇಲ್ಲದ ಊರು, ಅಕ್ಷರ ಅಳಿಸಿರುವುದಿಲ್ಲ.